ಮುಂಬಯಿಯಲ್ಲಿ ಕಂಡ ನಾಲ್ವರು ‘ಹುಡುಗರು’

ಪಿ.ಯು.ಸಿ. ಅರ್ಧಕ್ಕೇ ಬಿಟ್ಟವಳ ಇಂಗ್ಲಿಷ್ ಎಷ್ಟಿರುತ್ತದೋ ನನ್ನದೂ ಅಷ್ಟೇ. ಬೋರ್ಡು ಓದಬಲ್ಲೆ, ಅರ್ಜಿ ತುಂಬಬಲ್ಲೆ. ಹಾಡಿನ ಅರ್ಥ ಹೇಳು ಅಂದರೆ ಕೈ ಎತ್ತಿಬಿಡುತ್ತೇನೆ! ಅಂಥ ನಾನು ‘ಯು-2’ ಎಂಬ ಐರ್ಲೆಂಡಿನ ರಾಕ್ ತಂಡದ ಹಾಡು ಕೇಳಿ, ಕುಣಿದು, ಅತ್ತು ಬಂದೆ ಅಂದರೆ ನಗಬೇಡಿ. ಇದಕ್ಕೆಲ್ಲ ಕಾರಣ ನನ್ನ ಸೋದರಮಾವ.

ಮಾಮಾ ಒಂದು ಕಾಲಕ್ಕೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದವ. ಗಿರಾಕಿಗಳಿಗೆ ಅಣ್ಣಾವ್ರ ಹಾಡು, ಭಜನೆ, ಜಾನಪದ. ತನಗೆ ಮಾತ್ರ ಒಂದೇ ಒಂದು ಇಂಗ್ಲಿಷ್ ಕ್ಯಾಸೆಟ್ಟು, 1987ರಲ್ಲಿ ಬಂದ ‘ದಿ ಜೋಶುವಾ ಟ್ರೀ’. ರಾತ್ರಿ ಬಾಗಿಲು ಎಳೆಯುವ ಹೊತ್ತಿಗೆ ಅದನ್ನು ಹಾಕಿಕೊಂಡು ಒಬ್ಬನೇ ಕೂತಿರುತ್ತಿದ್ದನಂತೆ. ಆಮೇಲೆ ಸಿ.ಡಿ. ಬಂತು, ಅಂಗಡಿ ಮುಚ್ಚಿತು, ಮಾಮಾ ನವಿ ಮುಂಬಯಿಯ ವಾಶಿಗೆ ಹೋಗಿ ಹೋಟೆಲ್ ಮ್ಯಾನೇಜರ್ ಆದ.

2019ರ ಡಿಸೆಂಬರಿನಲ್ಲಿ ಅವ್ವ ನನ್ನನ್ನು ಅವನ ಹತ್ತಿರ ಕಳಿಸಿದ್ದು ಹಾಡು ಕೇಳಲಿಕ್ಕಲ್ಲ, ಗಲ್ಲಾದ ಮೇಲೆ ಕೂಡಲಿಕ್ಕೆ! ನಾನಾಗ ಪತ್ರಿಕೆಗಳಿಗೆ ಬರೆಯಲು ಶುರು ಮಾಡಿ ಮೂರು ವರ್ಷ. ಒಂದು ವಾರಪತ್ರಿಕೆ ಐದು ಲೇಖನಗಳ ಸಂಭಾವನೆ ಉಳಿಸಿಕೊಂಡು ಕೂತಿತ್ತು. “ಬರಿಯೂದ್ರಿಂದ ಹೊಟ್ಟಿ ತುಂಬಂಗಿಲ್ಲ” ಎಂದು ಮನೆಯಲ್ಲಿ ದಿನಾ ಪುರಾಣ. ನನಗೂ ಸಾಕಾಗಿತ್ತು. ರಾತ್ರಿ ಬಸ್ಸು ಹತ್ತಿದೆ. ಬೆಳಗಾವಿ, ಕೊಲ್ಹಾಪುರ, ಪುಣೆ... ಬೆಳಿಗ್ಗೆ ವಾಶಿಯಲ್ಲಿ ಇಳಿದರೆ ಮಾಮಾ ಕೈಯಲ್ಲಿ ಎರಡು ಟಿಕೆಟ್ ಹಿಡಿದು ನಿಂತಿದ್ದ. “ಗಲ್ಲಾ ಎಲ್ಲಿ ಓಡಿಹೋಗ್ತದ? ನಾಳೆ ಕೂಡುವಂತಿ. ಇವತ್ತ ನನ್ನ ಜೋಡಿ ಬಾ.”

ಅವತ್ತು ಡಿಸೆಂಬರ್ 15, ಭಾನುವಾರ. ನೇರೂಲಿನ ಡಿ.ವೈ. ಪಾಟೀಲ್ ಸ್ಟೇಡಿಯಂ. ಯು-2 ಭಾರತದಲ್ಲಿ ಹಾಡಿದ್ದು ಅದೇ ಮೊದಲು. ನನ್ನ ಮನಸ್ಸಿನಲ್ಲಿ ಮಾತ್ರ ಬರೀ ಕುಹಕ. ಹಾಡುಗಾರ ಬೋನೋಗೆ ಐವತ್ತೊಂಬತ್ತು! ನಮ್ಮ ಕಡೆ ಆ ವಯಸ್ಸಿಗೆ ಷಷ್ಟ್ಯಬ್ದಿಗೆ ಮುಹೂರ್ತ ನೋಡುತ್ತಾರೆ. ಮಾಮಾಗೆ ಅದೆಲ್ಲ ಎಲ್ಲಿ ಕೇಳಬೇಕು?

“1976ರಾಗ ಡಬ್ಲಿನ್‌ದಾಗ ಹದಿನಾಲ್ಕು ವರ್ಷದ ಹುಡುಗ ಒಬ್ಬ ಸಾಲಿ ನೋಟಿಸ್ ಬೋರ್ಡಿಗೆ ಚೀಟಿ ಹಚ್ಚಿದ್ದ, ಬ್ಯಾಂಡ್ ಕಟ್ಟೂದದ, ಬರ್ರಿ ಅಂತ. ಅವತ್ತ ಕೂಡಿದವರೊಳಗ ಈ ನಾಲ್ಕು ಮಂದಿ ಇನ್ನೂ ಕೈ ಬಿಟ್ಟಿಲ್ಲ ನೋಡವ್ವಾ.”

ಆ ಚೀಟಿ ಹಚ್ಚಿದ ಹುಡುಗ, ಲ್ಯಾರಿ ಮಲ್ಲೆನ್, ಎಲ್ಲರಿಗಿಂತ ಮೊದಲು ಒಬ್ಬನೇ ನಡೆದುಬಂದ. ದೊಡ್ಡ ವೇದಿಕೆಗಲ್ಲ, ಜನರ ನಡುವೆ ಚಾಚಿದ್ದ ಸಣ್ಣ ವೇದಿಕೆಗೆ. ಮಾತಿಲ್ಲ, ನಮಸ್ಕಾರವಿಲ್ಲ. ಕೂತ, ಬಾರಿಸಿದ. ಕವಾಯತಿನ ಹಾಗೆ ಬಿಗಿಯಾದ ಪೆಟ್ಟು! ಅದು ‘ಸಂಡೇ ಬ್ಲಡಿ ಸಂಡೇ’ ಅಂತೆ. 1972ರ ಜನವರಿ 30ರಂದು ಡೆರಿ ಊರಿನಲ್ಲಿ ಮೆರವಣಿಗೆ ಹೊರಟ ಜನರ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿ ಹದಿಮೂರು ಮಂದಿ ಅಲ್ಲೇ ಸತ್ತರಲ್ಲ, ಆ ದಿನದ ಹಾಡು. ಇದನ್ನೆಲ್ಲ ಮಾಮಾ ಕಿವಿಯಲ್ಲಿ ಕೂಗಿ ಹೇಳುವಷ್ಟರಲ್ಲಿ ನನ್ನ ಕಾಲು ಆಗಲೇ ತಾಳ ಹಿಡಿದಿತ್ತು. ಡೊಳ್ಳು ಕೇಳಿ ಬೆಳೆದವರಿಗೆ ಅದನ್ನು ಯಾರಾದರೂ ಹೇಳಿಕೊಡಬೇಕೇ?

ನಾಲ್ಕು ಹಾಡು ಮುಗಿಸಿ ದೊಡ್ಡ ವೇದಿಕೆಗೆ ಹೋದರು. ಹಿಂದೆ ಸಿನಿಮಾ ಥಿಯೇಟರನ್ನೇ ನುಂಗುವಂಥ ಪರದೆ. ಅದು ಇದ್ದಕ್ಕಿದ್ದಂತೆ ಕೆಂಪಾಯಿತು, ನಡುವೆ ಒಂದು ಕಪ್ಪು ಮರ, ಮುಂದೆ ನಾಲ್ಕು ನೆರಳು. ‘ಜೋಶುವಾ ಟ್ರೀ’ಯ ಹಾಡುಗಳು ಕ್ಯಾಸೆಟ್ಟಿನಲ್ಲಿದ್ದ ಸಾಲಿನಲ್ಲೇ ಒಂದೊಂದಾಗಿ ಬಂದವು. ಗಿಟಾರಿನ ‘ಎಡ್ಜ್’ ತಂತಿಯನ್ನು ಒಮ್ಮೆ ಮೀಟಿದರೆ ಮರುದನಿ ನಾಲ್ಕು ಸಲ ತಿರುಗಿ ಬರುತ್ತದೆ, ಆ ಮರುದನಿಯ ಮೇಲೆ ಅವನು ಇನ್ನೊಂದು ಮೀಟುತ್ತಾನೆ. ಬೋನೋ ಎತ್ತರದ ಸ್ವರ ಬಂದಾಗ ಮೈಕನ್ನು ಜನರ ಕಡೆ ತಿರುಗಿಸಿಬಿಡುತ್ತಿದ್ದ, ಜಾಣ! ನಮ್ಮ ಅವ್ವ ಅಣ್ಣಾವ್ರ ರಸಮಂಜರಿಯ ಕಥೆ ಹೇಳುತ್ತಾಳಲ್ಲ, ಜನರೇ ಅರ್ಧ ಹಾಡುತ್ತಿದ್ದರು ಅಂತ, ಅದೇ ಜಾತ್ರೆ. ಪಕ್ಕಕ್ಕೆ ತಿರುಗಿದೆ. ತಲೆ ನೆರೆತ ಮಾಮಾ ಕಣ್ಣು ಮುಚ್ಚಿ ಪ್ರತಿ ಸಾಲೂ ಹಾಡುತ್ತಿದ್ದ. ದುರ್ಗದಬೈಲಿನ ಅಂಗಡಿ ಅವನ ಮಟ್ಟಿಗೆ ಆ ರಾತ್ರಿ ತೆರೆದಿತ್ತು.

ಆಮೇಲೆ ‘ಅಲ್ಟ್ರಾವಯಲೆಟ್’ ಎಂಬ ಹಾಡು. ಪರದೆಯ ಮೇಲೆ ಹೆಂಗಸರ ಮುಖಗಳು. ಯಾವ ಯಾವ ದೇಶದವರೋ, ಯಾರ ಗುರುತೂ ನನಗಿಲ್ಲ. ಕೈ ಎತ್ತಿ ಕುಣಿಯುತ್ತಲೇ ಇದ್ದೆ.

ಗೌರಿ ಲಂಕೇಶ್!

ಕೈ ಹಾಗೇ ನಿಂತಿತು. ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ 2017ರ ಸೆಪ್ಟೆಂಬರ್ 5ರ ರಾತ್ರಿ ಮನೆ ಬಾಗಿಲಲ್ಲೇ ಗುಂಡಿಗೆ ಬಿದ್ದ ನಮ್ಮ ಗೌರಿ. ಕನ್ನಡದ ವಾರಪತ್ರಿಕೆಯೊಂದರ ಸಂಪಾದಕಿ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಬಿಡುತ್ತಿದ್ದ ಪತ್ರಿಕೆ, ಸ್ವಾಮಿ! ಅದರ ಸಂಪಾದಕಿಯ ಮುಖ ಡಬ್ಲಿನ್ನಿನ ಹಾಡುಗಾರರ ಪರದೆಯ ಮೇಲೆ. ನಾನು ಅಳುತ್ತಿದ್ದೇನೆ ಅಂತ ನನಗೆ ಗೊತ್ತಾದದ್ದು ಮಾಮಾ ಕರ್ಚೀಪು ಕೊಟ್ಟಾಗ.

ಎ.ಆರ್. ರಹಮಾನ್ ಕೂಡ ಬಂದರು, ಹೆಣ್ಣುಮಕ್ಕಳೊಂದಿಗೆ. ‘ಅಹಿಂಸಾ’ ಹಾಡಿದರು. ಸ್ಟೇಡಿಯಮ್ಮೇ ಎದ್ದು ನಿಂತಿತು. ನಾನು ಸರಿಯಾಗಿ ಕೇಳಿಸಿಕೊಳ್ಳಲೇ ಇಲ್ಲ. ರಹಮಾನ್ ಅಭಿಮಾನಿಗಳು ಕ್ಷಮಿಸಬೇಕು.

ಹೊರಗೆ ಬಂದು ಗುಂಪಿನಲ್ಲಿ ನೂಕಿಸಿಕೊಳ್ಳುತ್ತ ನೇರೂಲ್ ಸ್ಟೇಷನ್ ಕಡೆ ನಡೆಯುವಾಗ ಮಾಮಾ ಕೇಳಿದ, “ಅಕೀ ಲಂಕೇಶಪ್ಪನ ಮಗಳಲ್ಲೇನು? ‘ಸಂಸ್ಕಾರ’ದಾಗ ನಾರಣಪ್ಪ ಆಗಿದ್ರಲ್ಲ, ‘ಪಲ್ಲವಿ’ ಸಿನಿಮಾ ತಗದ್ರಲ್ಲ, ಅವರು?”

“ಹೌದು ಮಾಮಾ.”

“ಅವರ ಪೇಪರ್ ನಮ್ಮ ಅಂಗಡಿ ಬಾಜೂಕನ ಮಾರ್ತಿದ್ರು.” ಸ್ವಲ್ಪ ದೂರ ಸುಮ್ಮನೆ ನಡೆದ. “ಐದು ಲೇಖನ ಅಂದಿಯಲ್ಲ, ಏನ್ ಬರದಿದ್ದಿ ಅದರಾಗ?”

ಸಿನಿಮಾ ಬಗ್ಗೆ ಮೂರು, ಮುಚ್ಚಿದ ಥಿಯೇಟರುಗಳ ಬಗ್ಗೆ ಎರಡು ಅಂದೆ. ನಾನು ಏನು ಬರೆಯುತ್ತೇನೆ ಅಂತ ನಮ್ಮ ಮನೆಯವರು ಕೇಳಿದ್ದು ಅದೇ ಮೊದಲು. ಗಲ್ಲಾದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮೂರನೇ ದಿನ ಹುಬ್ಬಳ್ಳಿ ಬಸ್ಸು ಹತ್ತಿಸಿದ. ಅವ್ವನ ಬೈಗುಳ ಬೇರೆ ಕಥೆ, ಬಿಡಿ.

2023ರಲ್ಲಿ ಲಾಸ್ ವೇಗಾಸ್‌ನ ‘ಸ್ಫಿಯರ್’ನಲ್ಲಿ ಯು-2 ಹಾಡಿದಾಗ ಡ್ರಮ್ಮಿನ ಹಿಂದೆ ಲ್ಯಾರಿ ಇರಲಿಲ್ಲ. ಶಸ್ತ್ರಚಿಕಿತ್ಸೆಯ ಕಾರಣ ಬೇರೊಬ್ಬ ಕೂತಿದ್ದ. ಸುದ್ದಿ ಓದಿ ಮಾಮಾಗೆ ಫೋನು ಮಾಡಿದೆ. “ನಾವು ನಾಲ್ಕೂ ಮಂದಿನ್ನ ನೋಡೇವಲ್ಲವ್ವಾ!” ಅಂದ, ಮನೆಯವರ ವಿಷಯವೇನೋ ಅನ್ನುವ ಹಾಗೆ.

ಅಂದ ಹಾಗೆ, ಆ ಐದು ಲೇಖನಗಳ ಸಂಭಾವನೆ? ಇನ್ನೂ ಬಂದಿಲ್ಲ.