ತೊಗಲ ಸೀಟು

ಕೂರುವುದು ಈ ದೇಶದಲ್ಲಿ ಸಣ್ಣ ವಿಚಾರವಲ್ಲ. ಯಾರು ಎಲ್ಲಿ ಕೂರಬೇಕು, ಯಾರು ಎಲ್ಲಿ ನಿಂತೇ ಇರಬೇಕು ಅನ್ನೋದನ್ನ ನಾವು ಹುಟ್ಟೋಕೆ ಮುಂಚೆಯೇ ಗೊತ್ತುಮಾಡಿ ಇಟ್ಟವರಿದ್ದಾರೆ. ಜಗಲಿ ಮೇಲೆ ಕೂರಂಗಿಲ್ಲ, ಹೋಟ್ಲು ಬೆಂಚಿನ ಮೇಲೆ ಕೂರಂಗಿಲ್ಲ. ಸೈಕಲ್ಲು ಬಂದ ಮೇಲೆ ಆ ಪಟ್ಟಿಗೆ ಇನ್ನೊಂದು ಸೇರಿಕೊಂಡಿತು. ಕೇರಿಯವನು ಊರ ಬೀದಿಗೆ ಬರುತ್ತಲೇ ಸೀಟಿನಿಂದ ಇಳಿದು, ಹ್ಯಾಂಡ್ಲು ಹಿಡಿದು, ತಳ್ಳಿಕೊಂಡು ಹೋಗಬೇಕು. ನಮ್ಮ ತಾತ ಹಾಗೆ ತಳ್ಳಿದವರು. ನಮ್ಮಪ್ಪ ಒಂದು ದಿನ ಇಳಿಯಲಿಲ್ಲ. ಅವತ್ತು ಏನಾಯಿತು ಅನ್ನುವುದು ಬೇರೆ ಕಥೆ, ಅದನ್ನು ಇನ್ನೊಮ್ಮೆ ಬರೆಯುತ್ತೇವೆ. ಈಗ ಬರೆಯುತ್ತಿರುವುದು ಆ ಸೀಟಿನ ಬಗ್ಗೆ ಮಾತ್ರ. ಇಳಿಯದೆ ಕೂತವನಿಗೆ ಕೂತ ಜಾಗವಾದರೂ ನೋಯಬಾರದಲ್ಲ!

ಸೈಕಲ್ ಸೀಟಿನ ಮೇಲೆ ಬರೆದರೆ ಅದೂ ಸಾಹಿತ್ಯವೇ ಎಂದು ಮೂಗು ಮುರಿಯುವವರು ಮುರಿಯಲಿ. ಅವರಿಗೆ ಸಂಪಿಗೆ ಇದೆ, ಹುಣ್ಣಿಮೆ ಇದೆ. ನಮಗೆ ದಿನಾ ಹೋಗಿಬರಲು ಇಪ್ಪತ್ತೆರಡು ಕಿಲೋಮೀಟರ್ ದಾರಿ ಇದೆ, ಅದರಲ್ಲಿ ಅರ್ಧ ಜಲ್ಲಿ ಕಿತ್ತುಬಂದದ್ದು. ಕವಿತೆ ಹುಟ್ಟಿದರೆ ಆ ದಾರಿಯಲ್ಲೇ ಹುಟ್ಟಬೇಕು. ಕುಂಡಿ ಉರಿಯುತ್ತಿದ್ದರೆ ಬರೀ ಬೈಗುಳ ಹುಟ್ಟುತ್ತದೆ.

ಈಗ ಅಂಗಡಿಗಳಲ್ಲಿ ನೇತುಹಾಕಿರುವುದು ಬಹುಪಾಲು ಸ್ಪಂಜಿನ ಸೀಟು. ಮೇಲೆ ರೆಕ್ಸಿನ್ನು, ಒಳಗೆ ಸ್ಪಂಜು, ಅದರಡಿ ಪ್ಲಾಸ್ಟಿಕ್ ತಟ್ಟೆ. ಅಂಗಡಿಯವರು ಹೆಬ್ಬೆಟ್ಟಿನಿಂದ ಒತ್ತಿ ತೋರಿಸುತ್ತಾರೆ, 'ನೋಡಿ, ಎಷ್ಟು ಮೆತ್ತಗೈತೆ!' ಆದರೆ ನಾವು ಕೂರುವುದು ಹೆಬ್ಬೆಟ್ಟಿನ ಮೇಲಲ್ಲ. ಕುಂಡಿಯ ಒಳಗೆ ಎರಡು ಮೂಳೆಗಳಿವೆ, ಕೂತವನ ಭಾರವೆಲ್ಲ ಅವುಗಳ ಮೇಲೆ ನಿಲ್ಲಬೇಕು. ಮೆತ್ತನೆ ಸ್ಪಂಜಿನಲ್ಲಿ ಆ ಮೂಳೆಗಳು ಮುಳುಗುತ್ತವೆ. ಮುಳುಗಿದಷ್ಟೂ ನಡುವಿನ ಸ್ಪಂಜು ಉಬ್ಬಿ, ನರ ರಕ್ತನಾಳ ಇರುವ ಜಾಗವನ್ನೇ ಕೆಳಗಿನಿಂದ ಒತ್ತುತ್ತದೆ. ಅರ್ಧ ಗಂಟೆ ತುಳಿದರೆ ಜೋಮು. ಎರಡು ಮಳೆಗಾಲಕ್ಕೆ ರೆಕ್ಸಿನ್ನು ಹರಿದು, ಸ್ಪಂಜು ನೀರು ಕುಡಿದು, ಕೂತಾಗಲೆಲ್ಲ ಪ್ಯಾಂಟು ಒದ್ದೆ. ಮೆತ್ತಗಿರುವುದೆಲ್ಲ ಸುಖವಲ್ಲ. ಮೆತ್ತಗೆ ಮಾತಾಡುವ ಒಡೆಯರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತೊಗಲ ಸೀಟಿನ ಕೆಲಸವೇ ಬೇರೆ. ಅದರಡಿ ಏನೂ ಇಲ್ಲ, ಬರೀ ಗಾಳಿ. ಮುಂದಿನ ಮೂಗಿನಿಂದ ಹಿಂದಿನ ಕಬ್ಬಿಣದ ಪಟ್ಟಿಯವರೆಗೆ ದಪ್ಪ ತೊಗಲನ್ನು ಎಳೆದು ರಿವೀಟು ಹೊಡೆದಿರುತ್ತಾರೆ. ಕಳೆ ಕೀಳಲು ಹೋದ ಅವ್ವಂದಿರು ಬದುವಿನ ಮರಕ್ಕೆ ಸೀರೆ ಕಟ್ಟಿ ಕೂಸು ಮಲಗಿಸುತ್ತಾರಲ್ಲ, ಆ ಜೋಲಿ ಇದ್ದಂಗೆ. ಹೊಸದರಲ್ಲಿ ಅದು ಹಲಗೆಯಷ್ಟು ಗಟ್ಟಿ. ಕೆಲವು ನೂರು ಕಿಲೋಮೀಟರ್ ತುಳಿದ ಮೇಲೆ ಎರಡು ಮೂಳೆ ಕೂರುವಲ್ಲಿ ಎರಡು ಸಣ್ಣ ಗುಳಿ ಬೀಳುತ್ತವೆ, ಉಳಿದದ್ದು ಬಿಗಿಯಾಗಿಯೇ ಇರುತ್ತದೆ. ಬೆವರನ್ನು ಎಳೆದುಕೊಂಡು ಗಾಳಿಗೆ ಬಿಡುತ್ತದೆ. ಒಬ್ಬನ ಮೈಗೆ ಹೊಂದಿದ ಸೀಟು ಇನ್ನೊಬ್ಬನಿಗೆ ಹಾಗೇ ಹೊಂದುವುದಿಲ್ಲ. ನೋಡಿಕೊಂಡರೆ ಇಪ್ಪತ್ತು ಮೂವತ್ತು ವರ್ಷ ಬಾಳುತ್ತದೆ.

ಅಗಲ ನೋಡಿ ಆರಿಸಬೇಕು. ಡಬ್ಬದ ರಟ್ಟು, ಒಳಗೆ ಅಲೆಅಲೆ ಇರುತ್ತದಲ್ಲ ಅದು, ಒಂದು ತುಂಡನ್ನು ಕಲ್ಲಿನ ಮೆಟ್ಟಿಲ ಮೇಲೆ ಹಾಕಿ ಅದರ ಮೇಲೆ ಕೂತು, ಸೈಕಲ್ ತುಳಿಯುವವನಂತೆ ಬಾಗಿ ಎದ್ದರೆ ಎರಡು ಗುಳಿ ಕಾಣುತ್ತವೆ. ಗುಳಿಯ ನಡುವಿನಿಂದ ನಡುವಿಗೆ ಅಳೆಯಬೇಕು. ಸೀಟು ಆ ಅಳತೆಗಿಂತ ಧಾರಾಳವಾಗಿ ಅಗಲ ಇರಬೇಕು. ಯಾಕೆಂದರೆ ಮೂಳೆ ತೊಗಲ ಮೇಲೆ ಕೂರಬೇಕೇ ಹೊರತು ಹಿಂದಿನ ಕಬ್ಬಿಣದ ಪಟ್ಟಿಯ ಮೇಲಲ್ಲ. ನೆಟ್ಟಗೆ ಕೂತು ತುಳಿಯುವ ನಮ್ಮ ಹಳ್ಳಿ ಸೈಕಲ್ಲಿಗೆ ಅಗಲದ, ಅಡಿಯಲ್ಲಿ ಸುರುಳಿ ಸ್ಪ್ರಿಂಗು ಇರುವ ಸೀಟು. ಮುಂದಕ್ಕೆ ಬಗ್ಗಿ ತುಳಿಯುವವರಿಗೆ ಕಿರಿದಾದದ್ದು. ಹೆಣ್ಣುಮಕ್ಕಳಿಗೆ ಈ ಮೂಳೆಗಳ ನಡುವಿನ ಅಂತರ ಸಾಮಾನ್ಯವಾಗಿ ಹೆಚ್ಚು. 2006-07ರಿಂದ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ ನಮ್ಮ ಕೇರಿಯ ಹೆಣ್ಣುಮಕ್ಕಳು ಊರ ಬೀದಿಯಲ್ಲಿ ಬೆಲ್ಲು ಹೊಡಕೊಂಡು ಹೋದರು. ಅವರಿಗೆ ಸೀಟು ಎಷ್ಟಗಲ ಬೇಕು ಎಂದು ಕೇಳಿದವರನ್ನು ನಾವು ಕಂಡಿಲ್ಲ.

ಇನ್ನು ತೊಗಲು. ಇಲ್ಲಿ ನಮಗೆ ಮೇಷ್ಟ್ರು ಆದವರು ನಮ್ಮ ದೊಡ್ಡಪ್ಪ. ಪೇಟೆಯ ಬಸ್ ಸ್ಟ್ಯಾಂಡಿನ ಹಿಂದೆ ಹುಣಸೆಮರದಡಿ ಗೋಣಿತಾಟು ಹಾಸಿಕೊಂಡು ಮೆಟ್ಟು ಹೊಲಿಯುವವರು. ಓದು ಇಲ್ಲ, ರುಜು ಮಾತ್ರ ಬರುತ್ತೆ. 'ದೊಡ್ಡಪ್ಪ, ಸೀಟಿಗೆ ಎಂಥ ತೊಗಲು ಬೇಕು?' ಅಂದಾಗ ರಂಪಿಗೆ ಕೆಳಗಿಟ್ಟು ನಮ್ಮನ್ನೇ ನೋಡಿದರು.

'ಲೇ, ಒಂದು ತೊಗಲು ಅಂದ್ರೆ ಒಂದೇ ತೊಗಲಲ್ಲ ಕಣ್ಲಾ. ಬೆನ್ನಿಂದು ಬೇರೆ, ಹೊಟ್ಟೇದು ಬೇರೆ, ಕತ್ತಿಂದು ಬೇರೆ. ಹೊಟ್ಟೇದು ತಿಂದಂಗೆಲ್ಲ ಹಿಗ್ಗಿರ್ತದೆ, ಅದುಕ್ಕೆ ಜೋತು ಬೀಳ್ತದೆ. ಕತ್ತಿಂದು ಸುಕ್ಕು. ಸೀಟಿಗೆ ಬೆನ್ನಿಂದೇ ಆಗ್ಬೇಕು, ಅದ್ರಲ್ಲೂ ಹಿಂದ್ಲ ಭಾಗ.'

ಆಮೇಲೆ ಗೋಣಿಚೀಲದಿಂದ ಎರಡು ತುಂಡು ತೆಗೆದು ಕತ್ತರಿಸಿದ ಅಂಚು ತೋರಿಸಿದರು. ಒಂದು ಮೇಲಿಂದ ಕೆಳಗಿನವರೆಗೆ ಒಂದೇ ಕಂದು. ಇನ್ನೊಂದು ಮೇಲೆ ಕಂದು, ನಡುವೆ ನೀಲಿ ಬೂದಿ. ಮೊದಲನೆಯದು ಚಕ್ಕೆಯಲ್ಲಿ ಹದವಾದದ್ದು, ಎರಡನೆಯದು ಕ್ರೋಮಿನದು. ಕ್ರೋಮಿನ ಹದ ಕಾರ್ಖಾನೆಯ ಪೀಪಾಯಿಯಲ್ಲಿ ಒಂದು ದಿನದೊಳಗೇ ಮುಗಿಯಬಲ್ಲದು. ತೊಗಲು ಮೆತ್ತಗೆ, ಎಳೆದರೆ ಬರುತ್ತದೆ, ಬೂಟಿನ ಮೇಲ್ಭಾಗಕ್ಕೆ ಚೆನ್ನ. ಸೀಟಿಗೆ ಹಾಕಿದರೆ ಕುಸಿಯುತ್ತದೆ. ಚಕ್ಕೆ ಹದದ್ದು ಗಟ್ಟಿ. ನೀರಲ್ಲಿ ನೆನೆಸಿ ಅಚ್ಚಿಗೆ ಕೂರಿಸಿ ಒಣಗಿಸಿದರೆ ಆ ಆಕಾರವನ್ನು ಬಿಡುವುದಿಲ್ಲ. ದಪ್ಪ ಐದು ಮಿಲಿಮೀಟರಿಗೆ ಕಮ್ಮಿ ಇರಬಾರದು. ಅಡಿಮಗ್ಗುಲು ನೋಡಿದರೆ ಎಳೆಎಳೆ ಕಾಣಬೇಕು, ಬಟ್ಟೆಯೋ ಪ್ಲಾಸ್ಟಿಕ್ಕೋ ಅಂಟಿಸಿದ್ದರೆ ಅದು ಮೋಸ.

ಇದೆಲ್ಲ ದೊಡ್ಡಪ್ಪನಿಗೆ ಬಂದದ್ದು ನಮ್ಮ ತಾತನ ಗುಂಡಿಯಿಂದ. ಕೇರಿಯ ಹಿಂದೆ ಸುಣ್ಣದ ಗುಂಡಿ ಇತ್ತು. ತೊಗಲನ್ನು ಅದರಲ್ಲಿ ನೆನೆಹಾಕಿ, ಕೂದಲು ಹೆರೆದು, ಒಳಮಗ್ಗುಲ ಮಾಂಸ ಹೆರೆದು, ಸುಣ್ಣ ಬಿಡುವವರೆಗೆ ತೊಳೆದು, ತಂಗಡಿ ಚಕ್ಕೆಯ ರಸದಲ್ಲಿ ವಾರಗಟ್ಟಲೆ ಇಡಬೇಕು. ಕೊನೆಗೆ ತೊಗಲನ್ನೇ ಚೀಲ ಹೊಲಿದು, ಒಳಗೆ ಚಕ್ಕೆ ನೀರು ತುಂಬಿ ಮರಕ್ಕೆ ನೇತುಹಾಕಬೇಕು. ಹನಿಹನಿಯಾಗಿ ಒಳಗಿಂದ ಹೊರಕ್ಕೆ ಒಸರಿ ಹದ ಕೂರುತ್ತದೆ. ಹೀಗೆ ತಂಗಡಿ ಚಕ್ಕೆಯಲ್ಲಿ ಹದವಾದ ದನದ ತೊಗಲು ಬ್ರಿಟಿಷರ ಕಾಲದಲ್ಲಿ ಮದರಾಸಿನಿಂದ ಹಡಗಿನಲ್ಲಿ ಲಂಡನ್ನಿಗೆ ಹೋಗುತ್ತಿತ್ತು. 'ಈಸ್ಟ್ ಇಂಡಿಯಾ ಕಿಪ್ಸ್' ಅಂತ ಅದಕ್ಕೆ ಅಲ್ಲಿ ಹೆಸರು. ಮೊದಲ ಮಹಾಯುದ್ಧದಲ್ಲಿ ಬಿಳಿ ಸೋಲ್ಜರುಗಳ ಬೂಟಿಗೂ ಅದು ಬೇಕಾಯಿತು. ಹದ ಮಾಡಿದವರಿಗೆ ಇಲ್ಲಿ ಬಾವಿ ಹತ್ತಿರ ಹೋಗುವ ಹಕ್ಕಿರಲಿಲ್ಲ. ನೀರಿಲ್ಲದೆ ತೊಗಲು ಹದ ಆಗುತ್ತದೆಯೇ? ಆ ನೀರನ್ನು ಎಲ್ಲಿಂದ ಹೊತ್ತರೋ ಎಂದು ಯಾರೂ ಕೇಳಲಿಲ್ಲ.

ಸೀಟಿನ ಮಾತು ಬಂದರೆ ಸೈಕಲ್ ಬಲ್ಲವರೆಲ್ಲ ಹೇಳುವ ಹೆಸರು ಬ್ರೂಕ್ಸ್. ಜಾನ್ ಬೌಲ್ಟ್‌ಬೀ ಬ್ರೂಕ್ಸ್ ಎಂಬಾತ 1866ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಕುದುರೆಯ ಸರಂಜಾಮು, ತೊಗಲ ಸಾಮಾನು ಮಾಡುವ ಅಂಗಡಿ ಇಟ್ಟ. 1878ರಲ್ಲಿ ಅವನ ಕುದುರೆ ಸತ್ತಿತಂತೆ. ಯಾರದೋ ಸೈಕಲ್ ಎರವಲು ತಂದ. ಅದರ ಸೀಟು ನೋಯಿಸಿತು. ತೊಗಲಿನ ಕೆಲಸ ಬಲ್ಲವನು ತಾನೇ ಸೀಟು ಮಾಡಲು ಕೂತು 1882ರಲ್ಲಿ ಪೇಟೆಂಟು ಪಡೆದ. ಕಂಪನಿ 2002ರಲ್ಲಿ ಇಟಲಿಯವರ ಕೈಗೆ ಹೋಗಿದೆ, ಆದರೂ ತೊಗಲಿನ ಸೀಟುಗಳು ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆಥ್‌ವಿಕ್ಕಿನಲ್ಲೇ ತಯಾರಾಗುತ್ತವೆ. ಸೀಟಿನ ಪಕ್ಕದಲ್ಲಿ ಇವತ್ತಿಗೂ ಅವನ ಹೆಸರು ಒತ್ತಿರುತ್ತಾರೆ.

ನಾವು ಈ ಕಥೆಯನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಒಳ್ಳೆ ಕೆಲಸಗಾರ, ಒಳ್ಳೆ ಸೀಟು. ಆದರೆ ಲೆಕ್ಕ ಹಾಕಿ ನೋಡಿ. ಅವನು ಕುದುರೆಗೆ ಸರಂಜಾಮು ಮಾಡಿದ. ನಮ್ಮವರು ಎತ್ತಿಗೆ ಮಿಣಿ ಮಾಡಿದರು, ಬಾರುಕೋಲು ಮಾಡಿದರು, ಕಪಿಲೆಯ ಚೀಲ ಹೊಲಿದು ಊರ ತೋಟಕ್ಕೆಲ್ಲ ನೀರು ಹಾಯಿಸಿದರು. ಅವನ ಕುದುರೆ ಸತ್ತಾಗ ಅವನಿಗೆ ಪೇಟೆಂಟು ಸಿಕ್ಕಿತು. ಊರವರ ಎತ್ತು ಸತ್ತಾಗ ನಮ್ಮವರಿಗೆ ಹೊರೋಕೆ ಕರೆ ಬಂತು. ಕೈಕೆಲಸ ಅಲ್ಲೂ ಅದೇ, ಇಲ್ಲೂ ಅದೇ. ಅಲ್ಲಿ ಅದಕ್ಕೆ ಬೆಲೆ ಕಟ್ಟಿದರು, ಇಲ್ಲಿ ಸುಗ್ಗಿಯಲ್ಲಿ ಎರಡು ಮೊರ ರಾಗಿ ಆಯ ಕೊಟ್ಟು ಕಣದ ಆಚೆ ನಿಲ್ಲಿಸಿದರು.

ಹನ್ನೆರಡನೇ ಶತಮಾನದ ಹರಳಯ್ಯ ಕಲ್ಯಾಣಮ್ಮ ತಮ್ಮ ತೊಡೆಯ ತೊಗಲು ತೆಗೆದು ಬಸವಣ್ಣನಿಗೆ ಚಮ್ಮಾವುಗೆ ಮಾಡಿದ ಕಥೆಯನ್ನು ಎಲ್ಲರೂ ಕಣ್ಣೀರು ತುಂಬಿಕೊಂಡು ಹೇಳುತ್ತಾರೆ. ಡೋಹರ ಕಕ್ಕಯ್ಯ ತೊಗಲು ಹದ ಮಾಡುತ್ತಿದ್ದವನು ಎಂದೂ ಹೇಳುತ್ತಾರೆ. ಅವರ ಭಕ್ತಿಗೆ ಭಾಷಣ ಉಂಟು. ಅವರ ವಿದ್ಯೆಗೆ? ಹದ ಎಷ್ಟು ದಿನ, ಯಾವ ಚಕ್ಕೆ, ಯಾವ ನೀರು ಎಂದು ಕೇಳಿದ ಒಬ್ಬ ಭಾಷಣಕಾರನನ್ನೂ ನಾವು ಕಾಣಲಿಲ್ಲ.

ಅಂಗಡಿಯ ಬ್ರೂಕ್ಸ್ ನಮ್ಮ ಕೈಗೆ ಎಟುಕುವುದಲ್ಲ, ಆ ದುಡ್ಡಿಗೆ ನಮ್ಮಂಥ ಹಳೇ ಸೈಕಲ್ಲು ಎರಡು ಬರುತ್ತವೆ. ದೊಡ್ಡಪ್ಪನೇ ದಾರಿ ತೋರಿದರು. ಗುಜರಿಯಲ್ಲಿ ಹಳೇ ಸೀಟಿನ ಕಬ್ಬಿಣ ಸಿಕ್ಕಿತು. ತೊಗಲು ಸೀಳಿಹೋಗಿತ್ತು, ಸ್ಪ್ರಿಂಗು, ಮೂಗಿನ ತಿರುಪು ನೆಟ್ಟಗಿದ್ದವು. ಅಟ್ಟೆಗೆ ಬಳಸುವ ಚಕ್ಕೆ ಹದದ ಎಮ್ಮೆ ತೊಗಲು ತಂದೆವು.

ಜಗಳ ಆದದ್ದು ಮನೆಯಲ್ಲಿ. ತೊಗಲನ್ನು ನೀರಲ್ಲಿ ನೆನೆಹಾಕಿದ್ದೆವು. ಅಪ್ಪ ಹೊಲದಿಂದ ಬಂದು ಮೂಸಿ ನೋಡಿ ಹೊಸ್ತಿಲಲ್ಲೇ ನಿಂತರು. 'ಏನಿದು?' ನಾವು ಹೇಳಿದೆವು. 'ನಿನ್ನ ಓದ್ಸಿದ್ದು ಇದುಕ್ಕಾ? ಇದುನ್ನ ಬಿಡಕ್ಕೆ ಎಷ್ಟು ಏಟು ತಿಂದಿವಿ ಗೊತ್ತೇನ್ಲಾ?'

ಗೊತ್ತು. 1980ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯವರ ಮಾತು ಕೇಳಿ ಕೇರಿಯ ಹುಡುಗರು ಇನ್ನು ಸತ್ತ ದನ ಹೊರಲ್ಲ ಎಂದರು. ಅವರಲ್ಲಿ ಅಪ್ಪ ಚಿಕ್ಕವರು. ಬಾಬಾಸಾಹೇಬರು 1927ರಲ್ಲಿ ಮಹಾಡದಲ್ಲಿ ಸತ್ತ ದನದ ಮಾಂಸ ಬಿಡಿ ಎಂದದ್ದು ಅಷ್ಟು ವರ್ಷ ನಡೆದುಕೊಂಡು ನಮ್ಮ ಕೇರಿಗೆ ಬಂದಿತ್ತು. ಊರವರು ಕೂಲಿ ನಿಲ್ಲಿಸಿದರು. ತಾತ ಗುಂಡಿಗೆ ಮಣ್ಣು ಮುಚ್ಚಿದರು. ಅವತ್ತಿಂದ ಅಪ್ಪ ಮನೆಯೊಳಗೆ ತೊಗಲು ತಂದವರಲ್ಲ. ಬೆಲ್ಟು ಕೂಡ ಬಟ್ಟೆಯದೇ.

ಅಪ್ಪನ ಸಿಟ್ಟು ನ್ಯಾಯದ್ದು. ಬಿಟ್ಟರೂ ಹೊಡೆದರು, ಬಿಡದಿದ್ದರೂ ಹೊಡೆಯುತ್ತಾರೆ. 2016ರ ಜುಲೈಯಲ್ಲಿ ಗುಜರಾತಿನ ಊನಾದಲ್ಲಿ, ಸತ್ತ ದನದ ತೊಗಲು ಸುಲಿದ ನಮ್ಮ ಹುಡುಗರನ್ನು ಕಾರಿಗೆ ಕಟ್ಟಿ ಬಡಿದದ್ದನ್ನು ಅಪ್ಪ ಟೀವಿಯಲ್ಲಿ ನೋಡಿದವರು. ಆವತ್ತು ಅವರು ಉಣ್ಣಲಿಲ್ಲ. ಆದರೆ ಅಪ್ಪ ಬಿಟ್ಟದ್ದು ಬಿಟ್ಟಿ ಹೊರೆಯನ್ನು. ಅದರ ಜೊತೆಗೆ ತಾತನ ಹದವೂ ಮಣ್ಣಾಗಬೇಕಿತ್ತೇ? ಯಾರೋ ಹೇಳಿದ್ದಕ್ಕೆ ಹೊರುವುದು ಬೇರೆ, ನಮಗೆ ಬೇಕೆಂದು ಮಾಡಿಕೊಳ್ಳುವುದು ಬೇರೆ ಎಂದು ಅಪ್ಪನಿಗೆ ಹೇಳಿದೆವು. ಅವರು ಒಪ್ಪಲಿಲ್ಲ. ತೊಗಲನ್ನು ದೊಡ್ಡಪ್ಪನ ಹುಣಸೆಮರದಡಿಗೆ ಒಯ್ದೆವು.

ದೊಡ್ಡಪ್ಪ ನೆಂದ ತೊಗಲನ್ನು ಮರದ ಅಚ್ಚಿನ ಮೇಲೆ ಎಳೆದು ಕಟ್ಟಿ ನಾಲ್ಕು ದಿನ ನೆರಳಲ್ಲಿ ಒಣಗಿಸಿದರು. ಬಿಸಿಲಿಗೆ, ಒಲೆಗೆ ಇಡಬಾರದು, ಸಿಡಿಯುತ್ತದೆ. ರಂಪಿಗೆಯಲ್ಲಿ ಅಂಚು ಸವರಿ, ತೂತು ಹೊಡೆದು, ತಾಮ್ರದ ರಿವೀಟು ಜಡಿದರು. ಅಡಿಮಗ್ಗುಲಿಗೆ ಜೇನುಮೇಣ, ಕೊಬ್ಬು ಕಾಸಿ ತೆಳ್ಳಗೆ ಸವರಿದರು. ಮೆಟ್ಟಿಗೆ ಹಚ್ಚುವಂತೆ ಸೀಟಿಗೆ ಹರಳೆಣ್ಣೆ ಸುರಿಯಬಾರದು. ಮೆಟ್ಟು ಮೆತ್ತಗಾಗಬೇಕು, ಸೀಟು ಮೆತ್ತಗಾಗಬಾರದು. ವರ್ಷ ಕಳೆದು ತೊಗಲು ಜಗ್ಗಿದರೆ ಮೂಗಿನಡಿಯ ತಿರುಪನ್ನು ಕಾಲು ಸುತ್ತು ಬಿಗಿ ಮಾಡಬಹುದು, ಅದೂ ಒಣಗಿದ್ದಾಗ ಮಾತ್ರ. ಕೂಲಿ ಕೊಡಲು ಹೋದರೆ ದೊಡ್ಡಪ್ಪ ಬೈದರು. ನಾವು ಜೇಬಿಗೆ ತುರುಕಿ ಬಂದೆವು. ಮಗನಾದರೇನು, ಕೆಲಸ ಕೆಲಸವೇ.

ಮೊದಲ ಹದಿನೈದು ದಿನ ನೋಯಿತು. ಈಗ ಗುಳಿ ಬೀಳುತ್ತಾ ಇದೆ. ಹೋದ ವಾರ ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳಗೆ ಕೂತಿದ್ದೆವು. ಕಿಟಕಿಯಲ್ಲಿ ಅಪ್ಪ ಕಂಡರು. ಸೀಟಿನ ಅಂಚಿಗೆ ಹೆಬ್ಬೆಟ್ಟು ಒತ್ತಿ, ಅಡಿಗೆ ಕೈಹಾಕಿ ತಡವಿ ನೋಡಿದರು. ನಾವು ಹೊರಗೆ ಬಂದದ್ದು ಕಂಡು ಕೈ ಒರೆಸಿಕೊಂಡರು.

'ಬೆನ್ನಿಂದೇ,' ಅಂದರು. 'ಮಳೇಲಿ ಬಿಡಬ್ಯಾಡ.'

ಗುದ್ದಲಿ ಹೆಗಲಿಗೆ ಹಾಕಿಕೊಂಡು ಹೊಲದ ಕಡೆ ಹೋದರು.