ಹೊಟ್ಟಿನ ಬೂದಿ ಮತ್ತು ಸಿಲಿಕಾನ್ ಗುಳಿಗೆ

ಕಳೆದ ದೀಪಾವಳಿಗೆ ಗಾಂಧಿನಗರದ ನಮ್ಮ ಮನೆಗೆ ಬಂದ ಹಳೆಯ ವಿದ್ಯಾರ್ಥಿಯೊಬ್ಬ, ಮಣಿಕಟ್ಟು ಮುರಿದುಕೊಂಡಿದ್ದ ನನ್ನ ಶ್ರೀಮತಿಗೆ ಸಿಲಿಕಾನ್ ಗುಳಿಗೆಗಳ ಡಬ್ಬಿಯೊಂದನ್ನು ಕೊಟ್ಟ. "ಅಮ್ಮಾ, ಮೂಳೆ ಗಟ್ಟಿಯಾಗುತ್ತದೆ, ಕೂದಲೂ ಉದುರುವುದಿಲ್ಲ" ಎಂದ. ಕೆಲವು ದಿನಗಳ ಬಳಿಕ ನೋಡಿದರೆ, ವೈದ್ಯರು ಬರೆದುಕೊಟ್ಟ ಮಾತ್ರೆಗಳು ಹಾಗೆಯೇ ಉಳಿದಿದ್ದವು. ಡಬ್ಬಿ ಮಾತ್ರ ಅರ್ಧ ಬರಿದಾಗಿತ್ತು.

ಸಿಲಿಕಾನ್ ನನಗೆ ಹೊಸದಲ್ಲ. ಸಿರುಗುಪ್ಪದ ಮಕ್ಕಳಿಗೆ ವಿಜ್ಞಾನ ಪಾಠ ಮಾಡುವಾಗ ರೈಸ್‌ಮಿಲ್ಲಿನ ಹೊಟ್ಟಿನ ಬೂದಿಯನ್ನು ತಂದು ತೋರಿಸುತ್ತಿದ್ದೆ. ಅದರಲ್ಲಿ ಬಹುಪಾಲು ಸಿಲಿಕಾ. ಭತ್ತದ ಪೈರು ಅದನ್ನು ನೆಲದಿಂದ ಹೀರಿ ಕಾಂಡಕ್ಕೆ ಬಲ ತಂದುಕೊಳ್ಳುತ್ತದೆ. ಪೈರಿಗೆ ಒದಗಿದ ಬಲ ನಮಗೂ ಒದಗೀತೇ?

1972ರಲ್ಲಿ ಎಡಿತ್ ಕಾರ್ಲೈಲ್ ಅವರು ಸಿಲಿಕಾನ್ ಕೊರತೆಯಾದ ಕೋಳಿಮರಿಗಳ ಮೂಳೆ ಸರಿಯಾಗಿ ಬೆಳೆಯದೆಂದು ತೋರಿಸಿದರು. 2004ರಲ್ಲಿ ಪ್ರಕಟವಾದ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದಲ್ಲಿ, ಆಹಾರದಿಂದ ಹೆಚ್ಚು ಸಿಲಿಕಾನ್ ಪಡೆದ ಪುರುಷರಲ್ಲಿಯೂ ಮುಟ್ಟು ನಿಲ್ಲದ ಸ್ತ್ರೀಯರಲ್ಲಿಯೂ ಮೂಳೆಯ ಸಾಂದ್ರತೆ ಹೆಚ್ಚಿತ್ತು. ಮುಟ್ಟು ನಿಂತವರಲ್ಲಿ ಆ ಸಂಬಂಧ ಕಾಣಲಿಲ್ಲ. ನನ್ನಾಕೆಗೆ ಈಗ 62.

ಇಷ್ಟನ್ನೂ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಪ, ಹುಡುಗ ಪ್ರೀತಿಯಿಂದ ತಂದದ್ದು" ಎಂದಳು. ಆ ರಾತ್ರಿಯಿಂದ ವೈದ್ಯರ ಮಾತ್ರೆಗಳನ್ನು ತಪ್ಪಿಸಿಲ್ಲ.

ಇದನ್ನು ಓದಿದರೆ ನೊಂದುಕೊಳ್ಳಬೇಡಪ್ಪ. ಧಾನ್ಯದಲ್ಲಿ, ಹುರುಳಿಕಾಯಿಯಲ್ಲಿ ಸಿಲಿಕಾನ್ ಇದ್ದೇ ಇದೆ. ಮುಂದಿನ ಸಲ ಬರಿಗೈಯಲ್ಲಿ ಬಾ. ಅಮ್ಮನ ಕೈಯ ಹುರುಳಿಕಾಯಿ ಪಲ್ಯ ಉಂಡು ಹೋಗುವೆಯಂತೆ.