ಅರ್ಧ ಹೆಜ್ಜೆಯ ಲೆಕ್ಕ

ಎರಡು ಕಂಪ್ಯೂಟರ್ ಪ್ರೋಗ್ರಾಂಗಳು ಒಂದಕ್ಕೊಂದು ಹೊಂದಿಕೊಳ್ಳದೆ ರಾತ್ರಿಯಿಡೀ ಜಗಳವಾಡುತ್ತವೆ ಎಂದರೆ ನಗು ಬರುತ್ತದಲ್ಲವೇ? ಅವನ್ನು ರಾಜಿ ಮಾಡಿಸುವುದೇ ನನ್ನ ಮಗಳ ಉದ್ಯೋಗ. ರಕ್ತನಾಳದಲ್ಲಿ ರಕ್ತ ಹರಿಯುವ ಬಗೆಯನ್ನು ಅವಳು ಲೆಕ್ಕ ಹಾಕುತ್ತಾಳೆ. ಒಂದು ಪ್ರೋಗ್ರಾಂ ರಕ್ತದ ಒತ್ತಡವನ್ನು ಹೇಳುತ್ತದೆ. ಇನ್ನೊಂದು, ಆ ಒತ್ತಡಕ್ಕೆ ನಾಳದ ಗೋಡೆ ಎಷ್ಟು ಹಿಗ್ಗಿತೆಂದು. ಗೋಡೆ ಹಿಗ್ಗಿದರೆ ಒತ್ತಡ ಬದಲಾಗುತ್ತದೆ, ಒತ್ತಡ ಬದಲಾದರೆ ಗೋಡೆ. ಹೀಗೆ ಕೊಟ್ಟು ತೆಗೆದುಕೊಳ್ಳುತ್ತ ಎರಡರ ಉತ್ತರವೂ ಒಂದು ಕಡೆ ನಿಲ್ಲಬೇಕು. ಕೆಲವೊಮ್ಮೆ ನಿಲ್ಲುವುದೇ ಇಲ್ಲ.

ಗಾಳಿಗೂ ವಿಮಾನದ ರೆಕ್ಕೆಗೂ ಈ ತಂಟೆ ಕಡಿಮೆ. ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.2 ಕಿಲೋ, ಅಲ್ಯೂಮಿನಿಯಮ್ಮಿನದು 2700. ರಕ್ತವಾದರೋ ಸುಮಾರು 1060. ನಾಳದ ಗೋಡೆಯೂ ಹೆಚ್ಚುಕಡಿಮೆ ಅಷ್ಟೇ. ಗೋಡೆ ಅಲುಗಿದರೆ ಅಷ್ಟು ಭಾರದ ರಕ್ತವೂ ಜೊತೆಗೆ ಅಲುಗಬೇಕು. "ಅಮ್ಮಾ, ಇಬ್ಬರೂ ಸಮಬಲದವರು, ಅದಕ್ಕೇ ಜಗಳ" ಎಂದಳು ಮಗಳು.

ನಾನು ಅದನ್ನು ಶಾಲೆಯ ಲೆಕ್ಕಕ್ಕೆ ಇಳಿಸಿಕೊಂಡೆ. ಕೈಯಲ್ಲಿರುವ ಅಂಕಿಯ ಎರಡರಷ್ಟನ್ನು 12ರಿಂದ ಕಳೆಯಿರಿ. ಬಂದದ್ದು ಹೊಸ ಅಂಕಿ. 4 ಇಟ್ಟರೆ 4 ಬರುತ್ತದೆ, ಅದೇ ಉತ್ತರ. ಆದರೆ 5ರಿಂದ ಹೊರಟರೆ 2, ಆಮೇಲೆ 8, ಆಮೇಲೆ −4. ದೂರವೇ ದೂರ. ಹೊಸದನ್ನು ಪೂರ್ತಿ ಒಪ್ಪದೆ, ಹಳೆಯದಕ್ಕೂ ಹೊಸದಕ್ಕೂ ನಡುವಿನ ಅಂಕಿ ಹಿಡಿದು ನೋಡಿ: 5, 3.5, 4.25, 3.875. ಉತ್ತರ ಹತ್ತಿರ ಬಂತು! ಮೂರರಲ್ಲಿ ಒಂದು ಪಾಲು ಮಾತ್ರ ನಡೆದರೆ ಒಂದೇ ಹೆಜ್ಜೆಗೆ 4. ಎಷ್ಟು ಪಾಲು ನಡೆಯಬೇಕೆಂದು ಹಿಂದಿನ ಹೆಜ್ಜೆಗಳಿಂದಲೇ ತಿಳಿಯುವ ಉಪಾಯವೂ ಇದೆ. ಎಡಿನ್‌ಬರೋದ ಗಣಿತಜ್ಞ ಅಲೆಕ್ಸಾಂಡರ್ ಐಟ್ಕನ್ 1926ರಲ್ಲಿ ಪ್ರಕಟಿಸಿದ ವಿಧಾನವೇ ಅದಕ್ಕೆ ಬುನಾದಿ.

ಸುಲಭದ ದಾರಿಗಳೂ ಉಂಟು. 'ವ್ಯತ್ಯಾಸ ಇಷ್ಟರೊಳಗಿದ್ದರೆ ಸಾಕು' ಎಂಬ ಮಿತಿಯನ್ನೇ ಹಿಗ್ಗಿಸಿದರೆ ಕೆಲಸ ಮುಗಿಯಿತೆಂದು ಪರದೆಯ ಮೇಲೆ ಬರುತ್ತದೆ. ನಾಪಾಸಾದ ಮಗುವಿಗಾಗಿ ಪಾಸಿನ ಅಂಕವನ್ನೇ ಇಳಿಸಿದ ಹಾಗೆ. ಇನ್ನೊಂದು, ಒತ್ತಡದ ಮಾತನ್ನು ಗೋಡೆ ಕೇಳುವುದು, ಗೋಡೆಯ ಮಾತನ್ನು ರಕ್ತ ಕೇಳದಿರುವುದು. ಜಗಳ ತಕ್ಷಣ ನಿಲ್ಲುತ್ತದೆ. ಕೆಲಸ ಒಪ್ಪಿಸುವ ದಿನ ಹತ್ತಿರವಾದಾಗ ಮೇಲಿನವರು ಹಾಗೇ ಮಾಡೆಂದರಂತೆ. ಮಗಳು ಒಪ್ಪಲಿಲ್ಲ, ಸಣ್ಣ ಹೆಜ್ಜೆಗಳಲ್ಲಿ ಮತ್ತೆ ಲೆಕ್ಕ ಹಾಕಿಸಿದಳು. ಎರಡು ದಿನ ತಡವಾಯಿತು, ಬೈಸಿಕೊಂಡಳು.

ನನಗೆ ಹೆಮ್ಮೆಯಾಯಿತು. ಎಷ್ಟೋ ಮನೆಗಳ ಶಾಂತಿಯನ್ನು ನಾನು ಬಲ್ಲೆ. ಅಲ್ಲಿ ಜಗಳವಿಲ್ಲ, ಏಕೆಂದರೆ ಒಬ್ಬಳ ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. 'ಹೊಂದಿಕೊಂಡು ಹೋಗಮ್ಮ' ಎಂದು ಇನ್ನು ಯಾವ ಹುಡುಗಿಗೆ ಹೇಳುವ ಮೊದಲೂ, ಆ ಕಡೆಯವರು ಎಷ್ಟು ಹೆಜ್ಜೆ ಇಟ್ಟರೆಂದು ಕೇಳಬೇಕೆಂದುಕೊಂಡಿದ್ದೇನೆ.